ಕೊಯ್ನಾದ ಕುತ್ತಿಗೆ, ಗೌರಿಬಿದನೂರಿನ ಕಿವಿ

2021ರ ಡಿಸೆಂಬರ್ 22, ಬುಧವಾರ. ಬೆಳಗ್ಗೆ 7 ಗಂಟೆ 9 ನಿಮಿಷಕ್ಕೆ ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಸುತ್ತಮುತ್ತ ನೆಲದೊಳಗಿಂದ ಗುಡುಗಿನಂಥ ಸದ್ದು ಬಂತು. ಅಡುಗೆಮನೆಯ ಪಾತ್ರೆ ಅಲುಗಿದವು, ಜನ ಮನೆಬಿಟ್ಟು ಬೀದಿಗೆ ಬಂದರು. ಐದು ನಿಮಿಷದೊಳಗೆ ಮತ್ತೊಂದು. ಮೊದಲನೆಯದು 2.9, ಎರಡನೆಯದು 3.0 ತೀವ್ರತೆಯದು ಎಂದು ದಾಖಲಾಯಿತು. ಮರುದಿನ ಮಧ್ಯಾಹ್ನ ಎರಡೂಕಾಲರ ಹೊತ್ತಿಗೆ ಇನ್ನೊಂದು ಬಂತು.

ಆ ಸೀಮೆಯಲ್ಲಿ ನೆಲ ಅದುರಿದರೆ ಮೊದಲು ನೆನಪಾಗುವುದು ಭೂಕಂಪವಲ್ಲ, ಕ್ವಾರಿ. ಅದೇ ವರ್ಷದ ಫೆಬ್ರುವರಿಯಲ್ಲಿ ಪೇರೇಸಂದ್ರದ ಹತ್ತಿರ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಸತ್ತಿದ್ದರು. ಅದಕ್ಕೂ ಒಂದು ತಿಂಗಳು ಮೊದಲು ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದಾಗ ಊರಿಗೆ ಊರೇ ಭೂಕಂಪವೆಂದು ಹೊರಗೆ ಓಡಿತ್ತು. ಸ್ಫೋಟ ಯಾವುದು, ಕಂಪ ಯಾವುದು ಎಂದು ಬಿಡಿಸಿ ಹೇಳುವ ಕಲೆಯನ್ನು ಭಾರತ ಕಲಿತ ಜಾಗ ಇದೇ ಜಿಲ್ಲೆಯಲ್ಲಿದೆ ಎಂಬುದು ಮಾತ್ರ ಹೆಚ್ಚು ಜನರಿಗೆ ಗೊತ್ತಿಲ್ಲ.

ಗೌರಿಬಿದನೂರಿನ ಸುತ್ತ, ಎಲ್ ಅಕ್ಷರದ ಆಕಾರದಲ್ಲಿ, ಹೊಲಗದ್ದೆ ಬಂಡೆಗಳ ನಡುವೆ 20 ಕಂಪನಮಾಪಕಗಳನ್ನು ಹೂಳಿಟ್ಟದ್ದು 1965ರಲ್ಲಿ. ಈಗ ಭಾಭಾ ಅಣು ಸಂಶೋಧನಾ ಕೇಂದ್ರ ಎಂದು ಕರೆಯುವ ಸಂಸ್ಥೆ ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ಜೊತೆಗೂಡಿ ಇದನ್ನು ಕಟ್ಟಿತು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗ ಇದರ ಒಡಹುಟ್ಟುಗಳು. ಅಣುಪರೀಕ್ಷೆಗಳನ್ನು ಭಾಗಶಃ ನಿಷೇಧಿಸಿದ 1963ರ ಒಪ್ಪಂದದ ನಂತರ ಅಣುಬಾಂಬ್ ಪರೀಕ್ಷೆಗಳು ನೆಲದಡಿಗೆ ಇಳಿದಿದ್ದವು. ಸಾವಿರಾರು ಕಿಲೋಮೀಟರ್ ಆಚೆ ಯಾರೋ ಗುಟ್ಟಾಗಿ ಸಿಡಿಸಿದ್ದನ್ನು ಇಲ್ಲಿ ಕೂತು ಕೇಳಿಸಿಕೊಳ್ಳಬೇಕಿತ್ತು. ಸ್ಫೋಟ ಎಲ್ಲ ದಿಕ್ಕಿಗೂ ಒಂದೇ ಸಮ ತಳ್ಳುತ್ತದೆ, ಅದರ ಮೊದಲ ಅಲೆ ಜೋರು, ಅಡ್ಡಡ್ಡ ಹೊಯ್ದಾಡುವ ಎರಡನೆಯ ಅಲೆ ಕ್ಷೀಣ. ಭೂಕಂಪದಲ್ಲಿ ಬಂಡೆ ಒಂದರ ಮೇಲೊಂದು ಜಾರುವುದರಿಂದ ಅಡ್ಡ ಅಲೆಯೇ ಪ್ರಬಲ. ಒಂದೇ ಮಾಪಕಕ್ಕೆ ಗದ್ದಲದಲ್ಲಿ ಕೇಳದ ಸಣ್ಣ ಅಲೆಯನ್ನು ಇಪ್ಪತ್ತು ಮಾಪಕಗಳ ದಾಖಲೆ ಸೇರಿಸಿದರೆ ಹಿಡಿಯಬಹುದು, ಅದು ಯಾವ ದಿಕ್ಕಿನಿಂದ ಬಂತೆಂದೂ ಹೇಳಬಹುದು.

ಗೌರಿಬಿದನೂರೇ ಯಾಕೆ? ಇಲ್ಲಿನ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದು, ಗಟ್ಟಿ, ಸಮುದ್ರದಿಂದ ದೂರ, ತನ್ನಷ್ಟಕ್ಕೆ ತಾನು ಮೌನ. ದಕ್ಷಿಣದ ನೆಲ ಅಲುಗುವುದಿಲ್ಲ ಎಂಬ ನಂಬಿಕೆ ಆಗ ವಿಜ್ಞಾನಿಗಳಲ್ಲೂ ಇತ್ತು, ಎಂಜಿನಿಯರುಗಳಲ್ಲೂ ಇತ್ತು. 1962ರಲ್ಲಿ ಬಂದ ಮೊದಲ ಭಾರತೀಯ ಭೂಕಂಪ ಸಂಹಿತೆ, ಐಎಸ್ 1893, ದಖ್ಖನ್ ಪ್ರಸ್ಥಭೂಮಿಯ ಬಹುಭಾಗವನ್ನು ‘ಸೊನ್ನೆ’ ವಲಯಕ್ಕೆ ಹಾಕಿತ್ತು.

ಆ ಸೊನ್ನೆ ಐದು ವರ್ಷ ಬಾಳಿತು.

1967ರ ಡಿಸೆಂಬರ್ 11ರ ನಸುಕಿನ 4 ಗಂಟೆ 21 ನಿಮಿಷಕ್ಕೆ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಕೊಯ್ನಾ ಅಣೆಕಟ್ಟಿನ ಬುಡದಲ್ಲೇ 6.3ರ ಆಸುಪಾಸಿನ ಭೂಕಂಪವಾಯಿತು. ಕೊಯ್ನಾನಗರ ನೆಲಸಮವಾಗಿ ಸುಮಾರು 200 ಜನ ಸತ್ತರು. ಅಲ್ಲಿಂದ ಗೌರಿಬಿದನೂರಿಗೆ ನೇರ ದೂರ ಸುಮಾರು 580 ಕಿ.ಮೀ.; ಭೂಮಿಯೊಳಗಿನ ಮೊದಲ ಅಲೆ ಆ ದೂರ ಬರಲು ಒಂದೂಕಾಲು ನಿಮಿಷ ಸಾಕು. 3.3 ತೀವ್ರತೆಯ ಸಣ್ಣ ಕಂಪವೊಂದಕ್ಕೆ ಹೋಲಿಸಿದರೆ ಅಲ್ಲಿ ಬಿಡುಗಡೆಯಾದ ಶಕ್ತಿ ಸುಮಾರು 30,000 ಪಟ್ಟು. ತೀವ್ರತೆಯ ಅಂಕಿ ಒಂದು ಏರಿದರೆ ಶಕ್ತಿ ಹೆಚ್ಚುಕಡಿಮೆ ಮೂವತ್ತೆರಡು ಪಟ್ಟು ಏರುತ್ತದೆ. ಹಾಗಾಗಿ ಮೂರರ ಕಂಪವನ್ನು ನೋಡಿ ಆರರದ್ದು ಅದರ ಎರಡರಷ್ಟು ಎಂದುಕೊಂಡವರು ಲೆಕ್ಕದಲ್ಲಿ ಬಹಳ ಸೋಲುತ್ತಾರೆ.

ಕೊಯ್ನಾದ್ದು 103 ಮೀಟರ್ ಎತ್ತರದ, ಕಾಂಕ್ರೀಟಿನೊಳಗೆ ದೊಡ್ಡ ಕಲ್ಲು ಹುದುಗಿಸಿ ಕಟ್ಟಿದ ಗುರುತ್ವ ಅಣೆಕಟ್ಟು. ಅದು ಒಡೆಯಲಿಲ್ಲ. ಆದರೆ ಕೋಡಿಯ ಎರಡೂ ಬದಿಯ ಎತ್ತರದ ಬ್ಲಾಕುಗಳಲ್ಲಿ, ನೆತ್ತಿಯಿಂದ ಸುಮಾರು 36 ಮೀಟರ್ ಕೆಳಗೆ, ನೀರಿನ ಕಡೆಯ ಮುಖದಲ್ಲೂ ಹೊರಮುಖದಲ್ಲೂ ಅಡ್ಡಡ್ಡ ಬಿರುಕು ಬಿಟ್ಟಿತು. ಬುಡದಲ್ಲಲ್ಲ, ಅಲ್ಲಿ. ಅಣೆಕಟ್ಟಿನ ಎಂಜಿನಿಯರುಗಳು ಆ ಜಾಗವನ್ನು ‘ನೆಕ್’ ಎನ್ನುತ್ತಾರೆ, ಕುತ್ತಿಗೆ. ಬಿರುಕು ಅಲ್ಲೇ ಯಾಕೆ ಬಿತ್ತೆಂದು ಅರ್ಥ ಮಾಡಿಕೊಂಡರೆ ಇಂಥ ಅಣೆಕಟ್ಟನ್ನು ಭೂಕಂಪಕ್ಕೆ ಹೇಗೆ ಸಜ್ಜುಮಾಡುತ್ತಾರೆ ಎಂಬುದರ ಮುಕ್ಕಾಲು ಪಾಲು ತಿಳಿದಂತೆ.

ಗುರುತ್ವ ಅಣೆಕಟ್ಟಿಗೆ ಇರುವ ಬಂಡವಾಳ ಒಂದೇ, ತನ್ನ ತೂಕ. ನೂರು ಮೀಟರ್ ಎತ್ತರ, ಬುಡದಲ್ಲಿ ಎಂಬತ್ತು ಮೀಟರ್ ಅಗಲದ ತ್ರಿಕೋನವೊಂದನ್ನು ಕಲ್ಪಿಸಿಕೊಳ್ಳಿ. ಅದರ ಉದ್ದದಲ್ಲಿ ಒಂದೇ ಒಂದು ಮೀಟರ್ ಹೋಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ತುಂಬಿದ ಜಲಾಶಯದ ನೀರು ಆ ಹೋಳನ್ನು 5,000 ಟನ್ ಬಲದಿಂದ ತಳ್ಳುತ್ತದೆ. ಹೋಳಿನ ತೂಕ ಸುಮಾರು 9,600 ಟನ್. ಗೆದ್ದೆವು ಎನ್ನುವ ಹಾಗಿಲ್ಲ, ಏಕೆಂದರೆ ನೀರು ಬುಡದ ಬಂಡೆಯ ಸಂದಿಗೂ ನುಗ್ಗಿ ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ. ಏನೂ ವ್ಯವಸ್ಥೆ ಮಾಡದಿದ್ದರೆ ಈ ಎತ್ತುವ ಒತ್ತಡವೇ 4,000 ಟನ್ ತೂಕವನ್ನು ನುಂಗಿಹಾಕುತ್ತದೆ. ಫ್ರಾನ್ಸಿನ ಬೂಝೆ ಅಣೆಕಟ್ಟು 1895ರಲ್ಲಿ ಕುಸಿದ ಮೇಲೆಯೇ ಎಂಜಿನಿಯರುಗಳು ಇದನ್ನು ಗಂಭೀರವಾಗಿ ಎಣಿಸತೊಡಗಿದ್ದು. ಅದಕ್ಕೆಂದೇ ಅಣೆಕಟ್ಟಿನ ಹೊಟ್ಟೆಯೊಳಗೆ ಗ್ಯಾಲರಿ ಎಂಬ ಸುರಂಗ ಬಿಡುತ್ತಾರೆ. ಅಲ್ಲಿಂದ ಕೆಳಗಿನ ಬಂಡೆಗೆ ಒಂದು ಸಾಲು ರಂಧ್ರ ಕೊರೆದು ಸಿಮೆಂಟ್ ಹಾಲು ತುಂಬಿ ಪರದೆ ಎಳೆಯುತ್ತಾರೆ, ಅದರ ಹಿಂದೆ ಇನ್ನೊಂದು ಸಾಲು ರಂಧ್ರವನ್ನು ನೀರು ಬಸಿಯಲೆಂದು ತೆರೆದೇ ಬಿಡುತ್ತಾರೆ. ಈ ಬಸಿರಂಧ್ರಗಳು ಸರಿಯಾಗಿ ಕೆಲಸ ಮಾಡಿದರೆ 4,000 ಟನ್ನಿನ ಜಾಗದಲ್ಲಿ 1,700ರ ಆಸುಪಾಸು ಉಳಿಯುತ್ತದೆ.

ಈಗ ನೆಲ ಅಲುಗಲಿ. ಅಡ್ಡ ದಿಕ್ಕಿನಲ್ಲಿ ಗುರುತ್ವದ ಹತ್ತರಲ್ಲೊಂದು ಭಾಗದಷ್ಟು ವೇಗೋತ್ಕರ್ಷ ಎಂದಿಟ್ಟುಕೊಂಡರೂ ಅದೇ ಹೋಳಿನ ಮೇಲೆ 960 ಟನ್ ಜಡತ್ವದ ಬಲ ಬೀಳುತ್ತದೆ. ಇಷ್ಟು ಹೊತ್ತು ಕಾಯುತ್ತಿದ್ದ ತೂಕವೇ ಈಗ ಎದುರಾಳಿ: ಅಣೆಕಟ್ಟು ಎಷ್ಟು ಭಾರವೋ ಭೂಕಂಪ ಅದನ್ನು ಅಷ್ಟು ಬಲವಾಗಿ ಎಳೆಯುತ್ತದೆ. ಕಟ್ಟಡವಾದರೆ ಹಗುರ ಮಾಡಿ ಪಾರಾಗಬಹುದು. ಅಣೆಕಟ್ಟಿಗೆ ಆ ದಾರಿ ಇಲ್ಲ, ಹಗುರಾದರೆ ನೀರೇ ಅದನ್ನು ನೂಕಿಬಿಡುತ್ತದೆ. ಹಾಗಾಗಿ ವಿನ್ಯಾಸಕಾರನ ಕೈಯಲ್ಲಿರುವುದು ತೂಕ ಎಷ್ಟಿರಬೇಕು ಎಂಬುದಕ್ಕಿಂತ ಅದು ಎಲ್ಲಿರಬೇಕು ಎಂಬ ಪ್ರಶ್ನೆ. ಭೂಕಂಪ ಸಂಹಿತೆಯ ಗುಣಾಂಕಗಳಿಗೆ ಸಿಗುವ ಗಮನದಲ್ಲಿ ಅರ್ಧವಾದರೂ ಈ ಪ್ರಶ್ನೆಗೆ ಸಿಕ್ಕಿದ್ದರೆ ಕೊಯ್ನಾ ಬಿರುಕು ಬಿಡುತ್ತಿರಲಿಲ್ಲವೇನೋ.

ನೀರೂ ಸುಮ್ಮನಿರುವುದಿಲ್ಲ. ಅಣೆಕಟ್ಟು ಹಿಂದಕ್ಕೂ ಮುಂದಕ್ಕೂ ಹೋದಾಗ ತನ್ನ ಎದುರಿನ ನೀರನ್ನೂ ನೂಕಬೇಕಾಗುತ್ತದೆ. ನೀರು ಅಷ್ಟೇ ಬಲದಿಂದ ಮರಳಿ ನೂಕುತ್ತದೆ. ಅಮೆರಿಕದ ಹೂವರ್ ಅಣೆಕಟ್ಟಿನ ಕಾಲದಲ್ಲಿ ಡೆನ್ಮಾರ್ಕ್ ಮೂಲದ ಹೆರಾಲ್ಡ್ ವೆಸ್ಟರ್‌ಗಾರ್ಡ್ ಇದಕ್ಕೆ ಸೂತ್ರ ಕಟ್ಟಿಕೊಟ್ಟರು. 1933ರ ಆ ಪ್ರಬಂಧವನ್ನು ಇವತ್ತಿಗೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿಸುತ್ತಾರೆ. ನೀರಿನ ಒಂದು ಭಾಗ ಗೋಡೆಗೆ ಅಂಟಿಕೊಂಡು ಅದರ ಜೊತೆಯೇ ಓಲಾಡುತ್ತದೆ ಎಂದು ಭಾವಿಸಿ ಅದರ ರಾಶಿಯನ್ನು ಗೋಡೆಗೆ ಕೂಡಿಸುವುದು ಅವರ ಉಪಾಯ. ನಮ್ಮ ಹೋಳಿಗೆ ಅದು ಇನ್ನೊಂದು 580 ಟನ್ ಸೇರಿಸುತ್ತದೆ. ಎರಡೂ ಕೂಡಿ 1,540. ಜಲಾಶಯದ ತಳ್ಳುವಿಕೆಗೆ ಒಮ್ಮೆಲೇ ಮೂವತ್ತು ಪ್ರತಿಶತ ಏರಿಕೆ, ಅದೂ ಸೆಕೆಂಡಿಗೆ ಹಲವು ಬಾರಿ ದಿಕ್ಕು ಬದಲಿಸುತ್ತ.

ಇಷ್ಟು ಲೆಕ್ಕ ಹಳಬರಿಗೂ ಗೊತ್ತಿತ್ತು. ಕೊಯ್ನಾವನ್ನು ಗುರುತ್ವದ 0.05 ಪಾಲು ಅಡ್ಡಬಲಕ್ಕೆ ವಿನ್ಯಾಸ ಮಾಡಿದ್ದರು. ಆ ನಸುಕಿನಲ್ಲಿ ಅಣೆಕಟ್ಟಿನೊಳಗಿದ್ದ ಮಾಪಕ ಬರೆದುಕೊಂಡದ್ದು ನದಿಯ ಹರಿವಿನ ದಿಕ್ಕಿನಲ್ಲಿ 0.49, ಅಣೆಕಟ್ಟಿನ ಉದ್ದದ ದಿಕ್ಕಿನಲ್ಲಿ 0.63, ಮೇಲೆಕೆಳಗೆ 0.34. ಕ್ಷಣಮಾತ್ರದ ಗರಿಷ್ಠ ಅಂಕಿಯನ್ನು ಸ್ಥಿರಬಲದ ಅಂಕಿಯ ಜೊತೆ ನೇರವಾಗಿ ಹೋಲಿಸುವುದು ಸರಿಯಲ್ಲ. ಆದರೂ ಹತ್ತು ಪಟ್ಟಿನ ಅಂತರ ಸಣ್ಣದೇನಲ್ಲ. ಹತ್ತು ಪಟ್ಟು ಹೊಡೆತ ತಿಂದೂ ಗೋಡೆ ನಿಂತಿತು ಎಂಬುದು ಗುರುತ್ವ ಅಣೆಕಟ್ಟಿನ ಹೆಗ್ಗಳಿಕೆ.

ನಿಜವಾದ ತಪ್ಪು ಅಂಕಿಯಲ್ಲಿರಲಿಲ್ಲ, ಗೋಡೆ ಬಂಡೆಯ ಹಾಗೆ ಬಿಗಿ ಎಂಬ ಊಹೆಯಲ್ಲಿತ್ತು. ಹಳೆಯ ವಿಧಾನದಲ್ಲಿ ಬುಡದಿಂದ ನೆತ್ತಿಯವರೆಗೆ ಒಂದೇ ವೇಗೋತ್ಕರ್ಷ. ವಾಸ್ತವದಲ್ಲಿ ನೂರು ಮೀಟರಿನ ಕಾಂಕ್ರೀಟೂ ಬಾಗುತ್ತದೆ, ಅದಕ್ಕೂ ತನ್ನದೇ ಓಲಾಟದ ಲಯವಿದೆ. ಕೊಯ್ನಾದ ಲಯ ಸೆಕೆಂಡಿಗೆ ಸುಮಾರು ಮೂರು ಬಾರಿ. ನಂದಿಯ ಶಿವರಾತ್ರಿ ಜಾತ್ರೆಯಲ್ಲಿ ಭೋಗನಂದೀಶ್ವರನ ತೇರು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ: ಚಕ್ರ ಗೇಣುದ್ದದ ಗುಣಿಗೆ ಇಳಿದರೆ ಕೆಳಗೆ ಹಗ್ಗ ಹಿಡಿದವನಿಗೆ ಅದು ಬರೀ ಕುಲುಕು, ಮೇಲೆ ಕಳಶ ಮಾತ್ರ ಮಾರುದ್ದ ತೂಗಾಡುತ್ತದೆ. ಅಣೆಕಟ್ಟಿನ ನೆತ್ತಿಯಲ್ಲೂ ಹೀಗೆ ಬುಡದ ಅಲುಗಾಟ ಹಲವು ಪಟ್ಟು ಹಿಗ್ಗುತ್ತದೆ.

ಕೊಯ್ನಾದ ನೆತ್ತಿ ದಪ್ಪವಾಗಿತ್ತು. ಅದಕ್ಕೊಂದು ಹಿನ್ನೆಲೆಯಿದೆ. ಅಣೆಕಟ್ಟನ್ನು ಹಂತಹಂತವಾಗಿ ಎತ್ತರಿಸುವ ಯೋಚನೆಯಿತ್ತು. ಕೆಲಸ ನಡೆದಿರುವಾಗಲೇ ಪೂರ್ತಿ ಎತ್ತರಕ್ಕೆ ಒಯ್ಯಲು ತೀರ್ಮಾನಿಸಿದರು. ಆಗ ಕೆಳಭಾಗಕ್ಕೆ ಕೈಹಚ್ಚಲಾಗದೆ ಮೇಲ್ಭಾಗವನ್ನು ದಪ್ಪ ಮಾಡಿದರು. ಫಲವಾಗಿ ಕೆಳಗಿನಿಂದ ಓರೆಯಾಗಿ ಏರಿಬಂದ ಹೊರಮುಖ 66 ಮೀಟರ್ ಎತ್ತರದಲ್ಲಿ ಥಟ್ಟನೆ ಮುರಿದು ಹೆಚ್ಚುಕಡಿಮೆ ನೆಟ್ಟಗಾಯಿತು. ಮೇಲೆ ಭಾರದ ತಲೆ, ಕೆಳಗೆ ಅಗಲದ ಮೈ, ನಡುವೆ ಇಕ್ಕಟ್ಟಿನ ಕೋನ. ನೀರಿನ ಲೆಕ್ಕದಲ್ಲಿ ಅದರಿಂದ ಏನೂ ತೊಂದರೆಯಿಲ್ಲ. ತಲೆ ಓಲಾಡತೊಡಗಿದಾಗ ಮಾತ್ರ ಎಳೆತವೆಲ್ಲ ಆ ಕೋನದಲ್ಲಿ ಕೂಡಿತು. ಒತ್ತಿದರೆ ಸಹಿಸುವ ಕಾಂಕ್ರೀಟು ಎಳೆದರೆ ಸಹಿಸುವುದಿಲ್ಲ. ಅದರ ಎಳೆತದ ಬಲ ಒತ್ತಡದ ಬಲದ ಹತ್ತರಲ್ಲೊಂದು ಪಾಲು. ಸಾಲದ್ದಕ್ಕೆ ದೊಡ್ಡ ಅಣೆಕಟ್ಟುಗಳಲ್ಲಿ ಗಟ್ಟಿ ಕಾಂಕ್ರೀಟನ್ನು ಬುಡಕ್ಕೆ ಹಾಕಿ ಮೇಲಕ್ಕೆ ಹೋದಂತೆ ಬಡಕಲು ಮಿಶ್ರಣ ಬಳಸುವುದು ರೂಢಿ. ಭೂಕಂಪ ಹುಡುಕುವುದು ಅದನ್ನೇ.

ಬರ್ಕ್‌ಲಿ ವಿಶ್ವವಿದ್ಯಾಲಯದ ಅನಿಲ್ ಚೋಪ್ರಾ ಮತ್ತು ಚಕ್ರವರ್ತಿ 1973ರಲ್ಲಿ ಕೊಯ್ನಾದ ದಾಖಲೆಯನ್ನೇ ಕಂಪ್ಯೂಟರಿಗೆ ಉಣಿಸಿ ಅಣೆಕಟ್ಟನ್ನು ಮತ್ತೆ ಅಲುಗಿಸಿದರು. ಎಳೆತ ಮಿತಿಮೀರಿದ ಜಾಗ ಬಿರುಕು ಬಿಟ್ಟ ಜಾಗಕ್ಕೆ ಹೊಂದಿತು. ಅಲ್ಲಿಂದ ಮುಂದೆ ಅಣೆಕಟ್ಟು, ನೀರು, ಬುಡದ ಬಂಡೆ ಮೂರನ್ನೂ ಒಟ್ಟಿಗೆ ಓಲಾಡುವ ಒಂದೇ ವ್ಯವಸ್ಥೆಯಾಗಿ ನೋಡುವ ಪದ್ಧತಿ ಬೆಳೆಯಿತು. ಬಿರುಕು ಕಂಡ ಬ್ಲಾಕುಗಳಿಗೆ ಎಪಾಕ್ಸಿ ತುಂಬಿದರು, ನೆತ್ತಿಯಿಂದ ಕೆಳಕ್ಕೆ ಉಕ್ಕಿನ ತಂತಿಗಳನ್ನು ಬಿಗಿದರು, ಕೊನೆಗೆ ಹೊರಮುಖಕ್ಕೆ ಕಾಂಕ್ರೀಟಿನ ಆನಿಕೆಗಳನ್ನೇ ಕಟ್ಟಿ ಆ ಕೋನವನ್ನು ಮುಚ್ಚಿದರು. ಅಣೆಕಟ್ಟು ಇವತ್ತಿಗೂ ದುಡಿಯುತ್ತಿದೆ. 1970ರಲ್ಲಿ ಸಂಹಿತೆ ತಿದ್ದಿದಾಗ ಕೊಯ್ನಾ ನಾಲ್ಕನೇ ವಲಯಕ್ಕೆ ಜಿಗಿಯಿತು, ಸೊನ್ನೆ ವಲಯವನ್ನೇ ಅಳಿಸಿಹಾಕಿದರು.

ಕೊಯ್ನಾ ಕಲಿಸಿದ್ದನ್ನು ಇವತ್ತಿನ ನಕ್ಷೆಗಳಲ್ಲಿ ಕಣ್ಣಾರೆ ನೋಡಬಹುದು. ಹೊರಮುಖದ ಓರೆ ಥಟ್ಟನೆ ಮುರಿಯದೆ ಬಾಗಿದ ರೇಖೆಯಲ್ಲಿ ತಿರುಗುತ್ತದೆ. ನೆತ್ತಿಯ ಮೇಲೆ ಬೇಡದ ಭಾರ ಹೇರುವುದಿಲ್ಲ. ಮೇಲ್ಭಾಗಕ್ಕೂ ಒಳ್ಳೆಯ ಕಾಂಕ್ರೀಟ್. ಭಾರತೀಯ ಸಂಹಿತೆಯ 1984ರ ಆವೃತ್ತಿ ನೂರು ಮೀಟರ್‌ವರೆಗಿನ ಅಣೆಕಟ್ಟಿಗೆ ಸರಳ ವಿಧಾನ ಕೊಟ್ಟಿತಾದರೂ ನೆತ್ತಿಯಲ್ಲಿ ಒಂದೂವರೆ ಪಟ್ಟು ಗುಣಾಂಕ, ಬುಡದಲ್ಲಿ ಸೊನ್ನೆ ಎಂದು ಓಲಾಟವನ್ನು ಒಪ್ಪಿಕೊಂಡಿತು. ನೂರು ದಾಟಿದರೆ ಅಣೆಕಟ್ಟಿನ ಲಯವನ್ನೇ ಲೆಕ್ಕ ಹಾಕಬೇಕು. ಉತ್ತರ ಕನ್ನಡದ ಗಣೇಶಗುಡಿಯಲ್ಲಿ ಕಾಳಿ ನದಿಗೆ ಕಟ್ಟಿದ 101 ಮೀಟರಿನ ಸೂಪಾ ಆ ಗೆರೆಯನ್ನು ಒಂದೇ ಒಂದು ಮೀಟರಿನಲ್ಲಿ ದಾಟುತ್ತದೆ.

ಎಷ್ಟು ಭೂಕಂಪಕ್ಕೆ ಕಟ್ಟಬೇಕು ಎಂಬುದಕ್ಕೆ ಜಗತ್ತಿನೆಲ್ಲೆಡೆ ಈಗ ಎರಡು ಮಟ್ಟದ ಉತ್ತರವಿದೆ. ಅಣೆಕಟ್ಟಿನ ಆಯುಸ್ಸಿನಲ್ಲಿ ಒಮ್ಮೆ ಬರಬಹುದಾದ ಕಂಪಕ್ಕೆ ಏನೂ ಆಗಬಾರದು, ಮರುದಿನವೇ ಎಂದಿನಂತೆ ನೀರು ಬಿಡಬೇಕು. ಆ ಜಾಗದಲ್ಲಿ ಊಹಿಸಬಹುದಾದ ಅತಿದೊಡ್ಡ ಕಂಪಕ್ಕೆ ಬಿರುಕು ಬಿಡಬಹುದು, ಬ್ಲಾಕು ಕೊಂಚ ಜರುಗಬಹುದು; ಜಲಾಶಯ ಮಾತ್ರ ಕೈತಪ್ಪಬಾರದು. ಇಲ್ಲಿ ಗೇಟು ಗೋಡೆಯಷ್ಟೇ ಮುಖ್ಯ. ಕಂಪದ ನಂತರ ನೀರಿನ ಮಟ್ಟ ಇಳಿಸಲೇಬೇಕಾದಾಗ ಕ್ರೆಸ್ಟ್ ಗೇಟ್ ಸಿಕ್ಕಿಕೊಂಡರೆ, ಇಲ್ಲವೇ ಕರೆಂಟ್ ಹೋದರೆ, ಗೋಡೆ ಗಟ್ಟಿಯಿದ್ದು ಏನು ಬಂತು? 2024ರ ಆಗಸ್ಟ್‌ನಲ್ಲಿ ಭೂಕಂಪದ ಸುಳಿವೂ ಇಲ್ಲದೆ ತುಂಗಭದ್ರೆಯ 19ನೇ ಗೇಟಿನ ಚೈನು ತುಂಡಾಗಿ ವಾರವಿಡೀ ನೀರು ಹರಿದದ್ದನ್ನು ಜನ ಮರೆತಿಲ್ಲ.

ಬುಡದಲ್ಲೇ ನೆಲ ಸೀಳಿದರೆ ಯಾವ ಗೋಡೆಯೂ ನಿಲ್ಲದು. 1999ರ ಸೆಪ್ಟೆಂಬರ್ 21ರಂದು ತೈವಾನಿನ ಶಿಕಾಂಗ್ ಅಣೆಕಟ್ಟಿನ ಅಡಿಯಲ್ಲೇ ಸ್ತರಭಂಗ ಹಾದು ಒಂದು ಬದಿ ಏಳೆಂಟು ಮೀಟರ್ ಮೇಲೆದ್ದಿತು, ಮೂರು ಗೇಟುಗಳ ಭಾಗ ಪುಡಿಯಾಯಿತು. ಜಾಗ ಆರಿಸುವಾಗ ಸ್ತರಭಂಗ ತಪ್ಪಿಸುವುದೊಂದೇ ಇದಕ್ಕೆ ಪರಿಹಾರ.

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಕನ್ನಂಬಾಡಿಗೆ ಇಂಥ ಸಂಹಿತೆ ಯಾವುದೂ ಇರಲಿಲ್ಲ; 1911ರಲ್ಲಿ ಶುರುವಾದ ಆ ಸುರ್ಕಿ ಗಾರೆಯ ಕಲ್ಲುಗೋಡೆಯ ನಂತರ ಅರ್ಧ ಶತಮಾನಕ್ಕೆ ಮೊದಲ ಸಂಹಿತೆ ಬಂದದ್ದು. 2018ರಲ್ಲಿ ಪಾಂಡವಪುರದ ಬೇಬಿ ಬೆಟ್ಟದ ಕಡೆಯ ಸ್ಫೋಟದ ಸದ್ದು ದಾಖಲಾದ ಮೇಲೆ, ಕ್ವಾರಿಯಿಂದ ಆ ಗೋಡೆಗೆ ಅಪಾಯವೇ ಎಂದು ಶುರುವಾದ ಜಗಳ, 2024ರ ಜನವರಿಯಲ್ಲಿ ಅಣೆಕಟ್ಟಿನ 20 ಕಿ.ಮೀ. ಒಳಗೆ ಗಣಿಗಾರಿಕೆ ಬೇಡವೆಂದು ಹೈಕೋರ್ಟ್ ತಡೆಯುವವರೆಗೆ ಬಂತು. ಕ್ವಾರಿ ಸ್ಫೋಟದ ಅಲೆ ಚುರುಕು, ಅಲ್ಪಾಯು; ಎತ್ತರದ ಅಣೆಕಟ್ಟಿನ ನಿಧಾನ ಲಯಕ್ಕೆ ಅದು ತಾಳ ಹಾಕುವುದಿಲ್ಲ. ಕುಳ್ಳ, ಬಿಗಿ ಗೋಡೆಯ ಮಾತು ಬೇರೆ, ಅದರ ಲಯವೂ ಚುರುಕೇ. ಗಟ್ಟಿ ಬಂಡೆಯ ನಾಡಿನಲ್ಲಿ ಹತ್ತಿರದಿಂದ ಬರುವ ಸಣ್ಣ ಭೂಕಂಪದ ಅಲೆಗಳೂ ಅಂಥವೇ. ಮಂಡಿಕಲ್ಲಿನಲ್ಲಿ ಅಲುಗಾಟಕ್ಕಿಂತ ಸದ್ದು ದೊಡ್ಡದಾಗಿ ಕೇಳಿದ್ದು ಆ ಚುರುಕು ಅಲೆ ನೆಲದಿಂದ ಗಾಳಿಗೆ ದಾಟಿದ್ದರಿಂದ.

ಮಂಡಿಕಲ್ಲಿಗೂ ಕೊಯ್ನಾಕ್ಕೂ ಇನ್ನೊಂದು ನಂಟಿದೆ, ನೀರಿನದು. 1960ರ ದಶಕದ ಆರಂಭದಲ್ಲಿ ಜಲಾಶಯ ತುಂಬತೊಡಗಿದ ಮೇಲೆಯೇ ಕೊಯ್ನಾದಲ್ಲಿ ಸಣ್ಣ ಕಂಪಗಳು ಶುರುವಾದದ್ದು. ನೀರು ಬಿರುಕುಗಳಿಗಿಳಿದು ಒತ್ತಡ ಹೆಚ್ಚಿಸಿದಾಗ, ಮೊದಲೇ ಬಿಗಿದು ನಿಂತ ಬಂಡೆ ಜಾರಲು ಸುಲಭವಾಗುತ್ತದೆ. ಇದನ್ನು ಹತ್ತಿರದಿಂದ ನೋಡಲು ಕೊಯ್ನಾ ಬಳಿ ಮೂರು ಕಿಲೋಮೀಟರ್ ಆಳದ ಬಾವಿಯನ್ನೇ ಕೊರೆದಿದ್ದಾರೆ. ಚಿಂತಾಮಣಿ, ಶಿಡ್ಲಘಟ್ಟದ ರೈತ ಹಿಪ್ಪುನೇರಳೆ ತೋಟಕ್ಕೆ ಸಾವಿರ, ಸಾವಿರದೈನೂರು ಅಡಿ ಬೋರ್ ಕೊರೆಸಿ ಕಂಗಾಲಾಗುವ ಸೀಮೆಯಿದು. ಬತ್ತಿದ ಆ ಬಂಡೆ ಸಂದಿಗಳಿಗೆ 2021ರ ನವೆಂಬರಿನ ಅಸಾಮಾನ್ಯ ಮಳೆ ಒಮ್ಮೆಲೇ ಇಳಿದದ್ದೇ ಡಿಸೆಂಬರಿನ ಕಂಪಗಳಿಗೆ ಕಾರಣವಿರಬಹುದೆಂದು ತಜ್ಞರು ಹೇಳಿದ್ದು ಈ ತರ್ಕದಿಂದಲೇ. ಜಲಾಶಯದ ಕೆಳಗೂ ಕೆರೆಯ ಕೆಳಗೂ ನಡೆಯುವುದು ಒಂದೇ ಭೌತವಿಜ್ಞಾನ, ಪ್ರಮಾಣ ಬೇರೆ.

ಜಿಲ್ಲೆಯಲ್ಲಿ ಕೊಯ್ನಾದಂಥ ಗೋಡೆ ಒಂದೂ ಇಲ್ಲ. ಇರುವುದು ಮಣ್ಣಿನ ಏರಿಯ ನೂರಾರು ಕೆರೆಗಳು, ಚಿಕ್ಕಬಳ್ಳಾಪುರ ದೊಡ್ಡಬಳ್ಳಾಪುರಗಳಿಗೆ ನೀರುಣಿಸುವ ಜಕ್ಕಲಮಡಗು, ಮಳೆ ಚೆನ್ನಾಗಿ ಬಿದ್ದ ವರ್ಷ ಬೆಂಗಳೂರಿನ ಜನ ಸೆಲ್ಫಿಗೆ ಮುಗಿಬೀಳುವ ಶ್ರೀನಿವಾಸ ಸಾಗರ. 2002ರ ನಕ್ಷೆಯಲ್ಲಿ ಈ ಸೀಮೆ ಎರಡನೇ ವಲಯ, ಎಂದರೆ ಅತಿ ಕಡಿಮೆ ಅಪಾಯದ್ದು. ಹೆದರುವ ಕಾರಣವಿಲ್ಲ, ಸೊನ್ನೆ ಎಂದು ಮತ್ತೆ ಬರೆದುಕೊಳ್ಳುವ ಕಾರಣವೂ ಇಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 30 ಮೀಟರ್ ಮತ್ತು ಅದಕ್ಕೂ ಎತ್ತರದ ಅಣೆಕಟ್ಟಿನ ಬಳಿ ಕಂಪನ ಕೇಂದ್ರ ಇರಲೇಬೇಕೆನ್ನುತ್ತದೆ. ಅದಕ್ಕಿಂತ ಕುಳ್ಳ ಗೋಡೆಗಳಿಗೆ ಮಾಪಕದ ಭಾಗ್ಯ ಬರುವುದು ಕಷ್ಟ. ಗ್ಯಾಲರಿಯಿರುವ ಹಳೆಯ ಅಣೆಕಟ್ಟುಗಳಲ್ಲಾದರೂ ಮಾಡಬಹುದಾದ ಅಗ್ಗದ ಕೆಲಸವೊಂದಿದೆ. ಬಸಿಯುವ ನೀರು ಕಾಂಕ್ರೀಟಿನ ಸುಣ್ಣವನ್ನು ಕರಗಿಸಿ ತಂದು ಆ ರಂಧ್ರಗಳ ಬಾಯಲ್ಲೇ ಬಿಳಿ ಹಕ್ಕಳೆಯಾಗಿ ಕಟ್ಟುತ್ತದೆ. ರಂಧ್ರ ಮುಚ್ಚಿದರೆ 1,700 ಟನ್ನಿನ ಎತ್ತುವಿಕೆ 4,000ದ ಕಡೆಗೆ ಏರತೊಡಗುತ್ತದೆ. ಹಾಗಾಗಿಯೇ ಗುರುತ್ವ ಅಣೆಕಟ್ಟಿನ ಭಾರತೀಯ ಮಾನಕ, ಐಎಸ್ 6512, ಬಸಿರಂಧ್ರಗಳೆಲ್ಲ ಕಟ್ಟಿಹೋಗಿರುವಾಗ ಭೂಕಂಪ ಬಂದರೆ ಏನಾದೀತು ಎಂಬ ಲೆಕ್ಕವನ್ನೂ ಬೇರೆಯಾಗಿ ಕೇಳುತ್ತದೆ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಗ್ಯಾಲರಿಗೆ ಇಳಿದು, ಒಂದೊಂದೇ ರಂಧ್ರಕ್ಕೆ ಡ್ರಿಲ್ ಇಳಿಸಿ ಹಕ್ಕಳೆ ತೆಗೆದು, ನಿಮಿಷಕ್ಕೆ ಎಷ್ಟು ಲೀಟರ್ ನೀರು ಬರುತ್ತದೆಂದು ಪುಸ್ತಕದಲ್ಲಿ ಬರೆದಿಡಲು ಇಬ್ಬರು ಕೆಲಸಗಾರರು, ಒಬ್ಬ ಜೂನಿಯರ್ ಎಂಜಿನಿಯರ್ ಸಾಕು.